ಹಿಮಾಚಲ 2022ರ ಲೆಕ್ಕದ ಹಾಳೆ: ಬಂಡಾಯದ ಕಾಲಂ ತುಂಬಿದ ಮೇಲೆ

ಹಿಮಾಚಲ ಪ್ರದೇಶದ 2022ರ ವಿಧಾನಸಭಾ ಚುನಾವಣೆಯ 68 ಕ್ಷೇತ್ರಗಳನ್ನೂ ಒಂದೊಂದಾಗಿ ಎಕ್ಸೆಲ್ ಹಾಳೆಗೆ ಇಳಿಸಿ, ಅಷ್ಟು ಕಡಿಮೆ ಮತಗಳ ವ್ಯತ್ಯಾಸದಲ್ಲಿ ಬಿಜೆಪಿ ಅಧಿಕಾರವನ್ನು ಕಳೆದುಕೊಂಡದ್ದು ಹೇಗೆ ಎಂಬುದನ್ನು ನನ್ನ ಮಟ್ಟಿಗೆ ಬಗೆಹರಿಸಿಕೊಳ್ಳುವ ಕೆಲಸ ಈಗ ಒಂದು ಘಟ್ಟಕ್ಕೆ ಬಂದಿದೆ. ಗೆದ್ದವರು, ಎರಡನೆಯ ಸ್ಥಾನದವರು, ಗೆಲುವಿನ ಅಂತರ ಎಂಬ ಮೂರು ಕಾಲಂಗಳು ಮೊದಲೇ ಮುಗಿದಿದ್ದವು. ಈ ಬಾರಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರ ಕಾಲಂ ತುಂಬಿದ್ದೇನೆ. ಬಂಡಾಯದಿಂದಲೇ ಬಿಜೆಪಿ ಸೋತಿತು ಎಂಬ ಎಲ್ಲರ ಬಾಯಲ್ಲಿರುವ ಮಾತನ್ನು ಈ ಕಾಲಂ ಅರ್ಧದಷ್ಟು ಮಾತ್ರ ಒಪ್ಪುತ್ತದೆ ಎಂಬುದೇ ಈ ಟಿಪ್ಪಣಿಯ ವಿಷಯ.

ದಾವಣಗೆರೆಯಲ್ಲಿ ಕುಳಿತವನಿಗೆ ಹಿಮಾಚಲದ ಉಸಾಬರಿ ಏಕೆ ಎಂದು ಕೇಳುವವರಿಗೆ ನನ್ನ ಬಳಿ ಎರಡು ಉತ್ತರಗಳಿವೆ. ನಮ್ಮ ಕರ್ನಾಟಕದಂತೆಯೇ ಆ ರಾಜ್ಯವೂ 1985ರ ನಂತರ ಯಾವ ಪಕ್ಷಕ್ಕೂ ಚುನಾವಣೆಯಲ್ಲಿ ಬೆನ್ನುಬೆನ್ನಿಗೆ ಎರಡು ಬಾರಿ ಅಧಿಕಾರ ಕೊಟ್ಟಿಲ್ಲ. ಇನ್ನೊಂದು ಉತ್ತರ ನಮ್ಮ ಜಿಲ್ಲೆಯದೇ. 2023ರಲ್ಲಿ ಜಗಳೂರಿನಲ್ಲಿ ಕಾಂಗ್ರೆಸ್ ಟಿಕೆಟ್ ತಪ್ಪಿದ ಮಾಜಿ ಶಾಸಕ ಎಚ್.ಪಿ. ರಾಜೇಶ್ ಪಕ್ಷೇತರರಾಗಿ ನಿಂತು ಅರ್ಧ ಲಕ್ಷದ ಸಮೀಪ ಮತ ಪಡೆದರು. ಆದರೂ ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ 874 ಮತಗಳಿಂದ ಗೆದ್ದರು. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಬಯಸಿ ನಿರಾಶರಾದ ಜಿ.ಬಿ. ವಿನಯ್ ಕುಮಾರ್ ಪಕ್ಷೇತರರಾಗಿ 42 ಸಾವಿರಕ್ಕೂ ಹೆಚ್ಚು ಮತ ಪಡೆದರು. ಪ್ರಭಾ ಮಲ್ಲಿಕಾರ್ಜುನ್ ಅವರು 26,094 ಮತಗಳ ಅಂತರದಿಂದ ಗೆದ್ದು, ಕಾಂಗ್ರೆಸ್ಸಿಗೆ ಕ್ಷೇತ್ರವನ್ನು ಮರಳಿ ತಂದುಕೊಟ್ಟರು. ಬಂಡಾಯವಿದ್ದ ಕಡೆಯೆಲ್ಲ ಸೋಲೇ ಎನ್ನುವ ಸೂತ್ರ ಮನೆಯಂಗಳದಲ್ಲೇ ಹೀಗೆ ಕೈಕೊಟ್ಟಿರುವಾಗ, ಅದೇ ಸೂತ್ರವನ್ನು ದೂರದ ರಾಜ್ಯವೊಂದರ ಸೋಲಿಗೆ ಪೂರ್ಣ ವಿವರಣೆ ಎಂದು ಒಪ್ಪುವುದಕ್ಕೆ ನನ್ನ ಮನಸ್ಸು ಬರಲಿಲ್ಲ. ದಲಾಲಿ ಅಂಗಡಿಯೊಂದರಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವುದೇ ನನ್ನ ಕಸುಬಾದ್ದರಿಂದ, ತಾಳೆಯಾಗದ ಲೆಕ್ಕವನ್ನು ಹಾಗೆಯೇ ಬಿಟ್ಟು ಏಳುವ ಅಭ್ಯಾಸವೂ ನನಗಿಲ್ಲ.

ಮೊದಲು ಒಟ್ಟು ಚಿತ್ರ. 2022ರ ನವೆಂಬರ್ 12ರಂದು ಮತದಾನ ನಡೆದು, ಡಿಸೆಂಬರ್ 8ರಂದು ಫಲಿತಾಂಶ ಬಂದಾಗ ಕಾಂಗ್ರೆಸ್ಸಿಗೆ 40, ಬಿಜೆಪಿಗೆ 25, ಪಕ್ಷೇತರರಿಗೆ 3 ಸ್ಥಾನಗಳು ಸಿಕ್ಕಿದ್ದವು. ಮತಗಳ ಪಾಲಿನಲ್ಲಿ ಕಾಂಗ್ರೆಸ್ಸಿನದು ಶೇ 43.90, ಬಿಜೆಪಿಯದು ಶೇ 43.00. ಎಣಿಕೆಯಲ್ಲಿ ಹೇಳುವುದಾದರೆ ಇಡೀ ರಾಜ್ಯದಲ್ಲಿ ಎರಡೂ ಪಕ್ಷಗಳ ನಡುವೆ ಇದ್ದದ್ದು 37,974 ಮತಗಳ ವ್ಯತ್ಯಾಸ.

ಈ ಅಂಕಿಯನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡು ಕ್ಷೇತ್ರಗಳ ಅಂತರವನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದಾಗ, ಎಲ್ಲಕ್ಕಿಂತ ಮೇಲೆ ಬಂದದ್ದು ಅಂದಿನ ಮುಖ್ಯಮಂತ್ರಿ, ಬಿಜೆಪಿಯ ಜೈರಾಮ್ ಠಾಕೂರ್ ಅವರ ಸ್ವಂತ ಕ್ಷೇತ್ರ ಸೆರಾಜ್. ಅಲ್ಲಿ ಅವರ ಗೆಲುವಿನ ಅಂತರ 38,183. ಇಡೀ ರಾಜ್ಯದಲ್ಲಿ ಅವರ ಪಕ್ಷ ಹಿಂದೆ ಬಿದ್ದದ್ದಕ್ಕಿಂತ ಹೆಚ್ಚಿನ ಮತಗಳಿಂದ ಅವರೊಬ್ಬರು ಮುಂದಿದ್ದರು. ಸೆರಾಜನ್ನು ಬದಿಗಿಟ್ಟು ಉಳಿದ 67 ಕ್ಷೇತ್ರಗಳನ್ನಷ್ಟೇ ಕೂಡಿದರೆ ಬಿಜೆಪಿಯ ಹಿನ್ನಡೆ 76,157 ಮತಗಳಾಗುತ್ತದೆ. ‘ಶೇ 1ಕ್ಕಿಂತ ಕಡಿಮೆ ಅಂತರ’ ಎಂದು ಪತ್ರಿಕೆಗಳು ಬರೆದದ್ದು ಸುಳ್ಳಲ್ಲ, ಆದರೆ ಆ ಅಂತರ ಸಣ್ಣದಾಗಿ ಕಾಣುವುದಕ್ಕೆ ಒಂದೇ ಕ್ಷೇತ್ರದಲ್ಲಿ ರಾಶಿ ಬಿದ್ದ ಮತಗಳು ಬಹುಪಾಲು ಕಾರಣ. ಈ ಒಂದು ಸಾಲಿಗಾಗಿಯಾದರೂ ಹಾಳೆ ಮಾಡಿದ ಶ್ರಮ ಸಾರ್ಥಕವೆನ್ನಿಸಿತು.

ಜಿಲ್ಲಾವಾರು ಬಣ್ಣ ತುಂಬಿದ ನಕ್ಷೆಯಲ್ಲಿಯೂ ಇದೇ ವಿಷಯ ಬೇರೆ ರೀತಿಯಲ್ಲಿ ಕಾಣುತ್ತದೆ. ಮುಖ್ಯಮಂತ್ರಿಗಳ ಜಿಲ್ಲೆಯಾದ ಮಂಡಿಯ 10 ಸ್ಥಾನಗಳಲ್ಲಿ ಬಿಜೆಪಿ 9 ಗೆದ್ದಿತು. ಉಳಿದ 58 ಸ್ಥಾನಗಳಲ್ಲಿ ಅದಕ್ಕೆ ಸಿಕ್ಕದ್ದು 16. ಅತಿ ದೊಡ್ಡ ಜಿಲ್ಲೆ ಕಾಂಗ್ರಾದ 15ರಲ್ಲಿ 4, ಶಿಮ್ಲಾದ 8ರಲ್ಲಿ 1, ಉನಾದ 5ರಲ್ಲಿ 1. ಸೋಲನ್ ಮತ್ತು ಹಮೀರ್‌ಪುರಗಳಲ್ಲಿ ಒಂದೂ ಇಲ್ಲ. ಹಮೀರ್‌ಪುರವೆಂದರೆ ಮಾಜಿ ಮುಖ್ಯಮಂತ್ರಿ ಪ್ರೇಮ್ ಕುಮಾರ್ ಧೂಮಲ್ ಅವರ ಮತ್ತು ಅವರ ಮಗ, ಆಗ ಕೇಂದ್ರ ಸಚಿವರಾಗಿದ್ದ ಅನುರಾಗ್ ಠಾಕೂರ್ ಅವರ ತವರು. 2017ರಲ್ಲಿ ಪಕ್ಷ ಗೆದ್ದರೂ ಮುಖ್ಯಮಂತ್ರಿ ಅಭ್ಯರ್ಥಿಯಾಗಿದ್ದ ಧೂಮಲ್ ಅವರೇ ಸುಜಾನ್‌ಪುರದಲ್ಲಿ ಸೋತಿದ್ದರಿಂದ ಗಾದಿ ಮಂಡಿಗೆ ಹೋಯಿತು. 2022ರಲ್ಲಿ ಅವರು ಕಣದಲ್ಲೇ ಇರಲಿಲ್ಲ. ನಕ್ಷೆಯಲ್ಲಿ ಮಂಡಿಯ ಒಂದು ದಟ್ಟ ಕೇಸರಿ ತುಂಡು, ಅದರ ಪಶ್ಚಿಮಕ್ಕೆ ಹಮೀರ್‌ಪುರ, ಉನಾ, ಕಾಂಗ್ರಾಗಳ ತಗ್ಗು ಬೆಟ್ಟಗಳಲ್ಲಿ ತೆಳುವಾದ ಬಣ್ಣ. ಅಧಿಕಾರದ ಕೇಂದ್ರ ಒಂದು ಜಿಲ್ಲೆಗೆ ಸರಿದದ್ದನ್ನು ಇನ್ನೊಂದು ಭಾಗ ಮರೆತಿರಲಿಲ್ಲ ಎಂದು ನಾನು ಓದಿಕೊಂಡಿದ್ದೇನೆ.

ಇನ್ನು ಬಂಡಾಯದ ಕಾಲಂ. ಬಿಜೆಪಿಯ ಪರವಾಗಿ ವಾದಿಸುವವರಿಗೆ ಇಲ್ಲಿ ಬೇಕಾದಷ್ಟು ಸರಕಿದೆ. ಭೋರಂಜ್‌ನಲ್ಲಿ ಅಧಿಕೃತ ಅಭ್ಯರ್ಥಿ ಕೇವಲ 60 ಮತಗಳಿಂದ ಸೋತರು, ಬಂಡಾಯಗಾರ ಪಡೆದದ್ದು ಆರು ಸಾವಿರಕ್ಕೂ ಹೆಚ್ಚು. ಕಿನ್ನೌರ್, ಧರ್ಮಶಾಲಾ ಕ್ಷೇತ್ರಗಳಲ್ಲಿಯೂ ಬಂಡಾಯದ ಮತ ಸೋಲಿನ ಅಂತರವನ್ನು ಮೀರಿದೆ. ಕುಲುವಿನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿನ ರಾಜಮನೆತನದ ಮಹೇಶ್ವರ ಸಿಂಗ್ ಅವರಿಗೆ ಟಿಕೆಟ್ ಘೋಷಣೆಯಾಗಿತ್ತು. ಅವರ ಮಗ ಪಕ್ಕದ ಬಂಜಾರ್‌ನಲ್ಲಿ ಪಕ್ಷದ ವಿರುದ್ಧವೇ ನಿಂತು ಹಿಂದೆ ಸರಿಯಲು ಒಪ್ಪದಿದ್ದಾಗ, ನಾಮಪತ್ರ ಸಲ್ಲಿಕೆಯ ಕೊನೆಯ ಹೊತ್ತಿನಲ್ಲಿ ತಂದೆಯ ಟಿಕೆಟನ್ನು ಕಿತ್ತು ನರೋತ್ತಮ್ ಠಾಕೂರ್ ಅವರಿಗೆ ಕೊಡಲಾಯಿತು. ಅಷ್ಟರಲ್ಲಿ ಕುಲುವಿನಲ್ಲಿಯೇ ರಾಮ್ ಸಿಂಗ್ ಬಂಡಾಯವೆದ್ದಿದ್ದರು. ಕುಲು ಕೈತಪ್ಪಿತು. ಆದರೆ ಮಗ ನಿಂತಿದ್ದ ಬಂಜಾರ್‌ನಲ್ಲಿ ಬಂಡಾಯವನ್ನು ದಾಟಿ ಬಿಜೆಪಿಯೇ ಗೆದ್ದಿತು.

ಬಂಡಾಯವೆಂದಾಕ್ಷಣ ಎಲ್ಲರ ನೆನಪಿಗೆ ಬರುವುದು ಫತೇಪುರ್. ಪ್ರಧಾನಿಯವರೇ ದೂರವಾಣಿಯಲ್ಲಿ ಮಾತನಾಡಿ ಮನವೊಲಿಸಲು ಯತ್ನಿಸಿದರೆಂದು ದೇಶವೆಲ್ಲ ಸುದ್ದಿಯಾದ ಕೃಪಾಲ್ ಪರ್ಮಾರ್ ಅಲ್ಲಿ ಪಕ್ಷೇತರರಾಗಿ ನಿಂತಿದ್ದರು. ಅವರು ಪಡೆದದ್ದು ಮೂರು ಸಾವಿರದೊಳಗಿನ ಮತ. ಬಿಜೆಪಿ ಸೋತದ್ದು ಏಳು ಸಾವಿರಕ್ಕೂ ಹೆಚ್ಚು ಮತಗಳಿಂದ. ಅತ್ಯಂತ ಪ್ರಸಿದ್ಧ ಬಂಡಾಯವು ಫಲಿತಾಂಶವನ್ನು ಕೂದಲೆಳೆಯಷ್ಟೂ ಬದಲಿಸಿಲ್ಲ. ಅಲ್ಲಿ ಸೋತ ರಾಕೇಶ್ ಪಠಾನಿಯಾ ಸಚಿವರಾಗಿದ್ದವರು, ಸ್ವಂತ ಕ್ಷೇತ್ರವಾದ ನೂರ್‌ಪುರದಿಂದ ಪಕ್ಷವೇ ಎತ್ತಿ ತಂದು ನಿಲ್ಲಿಸಿದವರು. ಶಿಮ್ಲಾ ನಗರದ ಶಾಸಕ, ಸಚಿವ ಸುರೇಶ್ ಭಾರದ್ವಾಜ್ ಅವರನ್ನು ಕಸುಂಪ್ಟಿಗೆ ಸಾಗಹಾಕಿದಾಗಲೂ ಅದೇ ಫಲಿತಾಂಶ. ಕಣದಲ್ಲಿದ್ದ ಸಚಿವರ ಪೈಕಿ ಎಂಟು ಮಂದಿ ಸೋತರು. ಮನಾಲಿ, ಕಸೌಲಿ, ಘುಮಾರ್‌ವಿನ್, ಶಾಹ್‌ಪುರ್ ಹೀಗೆ ರಾಜ್ಯದ ಬೇರೆಬೇರೆ ಮೂಲೆಗಳಲ್ಲಿ.

ಎದುರಿನ ಪಾಳೆಯದಲ್ಲಿಯೂ ಬಂಡಾಯವಿತ್ತು ಎಂಬುದನ್ನು ಹೇಳುವವರು ಕಡಿಮೆ. ಪಚ್ಛಾದ್‌ನಲ್ಲಿ ಕಾಂಗ್ರೆಸ್ಸಿನ ಹಳೆಯ ಹುಲಿ ಗಂಗೂರಾಮ್ ಮುಸಾಫಿರ್ ಪಕ್ಷೇತರರಾಗಿ ನಿಂತು ಹದಿಮೂರು ಸಾವಿರ ಮತ ಪಡೆದದ್ದರಿಂದ ಬಿಜೆಪಿಗೆ ದಾರಿ ಸುಗಮವಾಯಿತು. ಶಿಮ್ಲಾ ಜಿಲ್ಲೆಯಲ್ಲಿ ಬಿಜೆಪಿಗೆ ಸಿಕ್ಕ ಏಕೈಕ ಸ್ಥಾನ ಚೌಪಾಲ್‌ನಲ್ಲಿಯೂ ಕಾಂಗ್ರೆಸ್ ಮನೆಯ ಜಗಳದ ಪಾಲಿದೆ. ಒಂದು ಕಡೆಯ ಬಂಡಾಯವನ್ನು ಮಾತ್ರ ಕೂಡಿ ಇನ್ನೊಂದನ್ನು ಕಳೆಯದಿದ್ದರೆ ಅದು ಲೆಕ್ಕವಲ್ಲ, ವಕಾಲತ್ತು.

ಕೂದಲೆಳೆಯ ಅಂತರದ ಸ್ಥಾನಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದೆ. ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಕಾಂಗ್ರೆಸ್ ಗೆದ್ದದ್ದು ಭೋರಂಜ್ (60), ಶಿಲ್ಲಾಯಿ (382), ಸುಜಾನ್‌ಪುರ (399), ರಾಮ್‌ಪುರ (567), ರೇಣುಕಾಜಿ (860) ಕ್ಷೇತ್ರಗಳಲ್ಲಿ. ಬಿಜೆಪಿಯೂ ನೈನಾದೇವಿ (171), ಬಿಲಾಸ್‌ಪುರ (276), ದರಂಗ್ (618) ಕ್ಷೇತ್ರಗಳನ್ನು ಹಾಗೆಯೇ ಗೆದ್ದಿತು. ಕಾಂಗ್ರೆಸ್ಸಿನ ಆ ಐದನ್ನೂ ಬಿಜೆಪಿಗೆ ಕೊಟ್ಟು, ಬಿಜೆಪಿಯ ಮೂರನ್ನು ಮುಟ್ಟದೆ ಬಿಟ್ಟರೂ ಲೆಕ್ಕ 35–30 ಆಗುತ್ತದೆ. ಆ 35 ಸರಳ ಬಹುಮತ. ಅದೃಷ್ಟ ಪೂರ್ತಿ ಒಲಿದಿದ್ದರೂ ಸರ್ಕಾರ ಉಳಿಯುತ್ತಿರಲಿಲ್ಲ.

ಬಂಡಾಯಗಾರರು ಗೆದ್ದೇ ಬಿಟ್ಟ ಕ್ಷೇತ್ರಗಳ ಮಾತು ಬೇರೆಯಾಗಬೇಕಿತ್ತು. ನಾಲಾಗಢದಲ್ಲಿ ಕಾಂಗ್ರೆಸ್ಸಿನಿಂದ ಆಗಷ್ಟೇ ಬಂದವರಿಗೆ ಟಿಕೆಟ್ ಕೊಟ್ಟಿದ್ದರಿಂದ ಮುನಿದ ಕೆ.ಎಲ್. ಠಾಕೂರ್, ದೇಹ್ರಾದಲ್ಲಿ ಹೋಶಿಯಾರ್ ಸಿಂಗ್ ಪಕ್ಷೇತರರಾಗಿ ಗೆದ್ದರು, ಎರಡೂ ಕಡೆ ಬಿಜೆಪಿ ಮೂರನೆಯ ಸ್ಥಾನಕ್ಕಿಳಿಯಿತು. ಬಂಡಾಯಗಾರನ ಮತವನ್ನು ಅಧಿಕೃತ ಅಭ್ಯರ್ಥಿಯ ಮತಕ್ಕೆ ಕೂಡುವುದಾದರೆ ಇವು ಬಿಜೆಪಿಯ ಭದ್ರಕೋಟೆಗಳೆನ್ನಬೇಕು. ಆದರೆ ಈ ಕೂಡಿಕೆಗೆ ಪರೀಕ್ಷೆಯೂ ನಡೆದುಹೋಗಿದೆ. ಇಬ್ಬರೂ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, 2024ರ ಜುಲೈ ಉಪಚುನಾವಣೆಯಲ್ಲಿ ಅದೇ ಕ್ಷೇತ್ರಗಳಲ್ಲಿ ಕಮಲದ ಗುರುತಿನ ಮೇಲೆ ನಿಂತರು. ಇಬ್ಬರೂ ಕಾಂಗ್ರೆಸ್ ಎದುರು ಸೋತರು. ಅಷ್ಟರಲ್ಲಿ ಕಾಂಗ್ರೆಸ್ ಆಡಳಿತ ಪಕ್ಷವಾಗಿತ್ತು, ಉಪಚುನಾವಣೆಯಲ್ಲಿ ಆಡಳಿತ ಪಕ್ಷಕ್ಕೆ ಅನುಕೂಲ ಹೆಚ್ಚು ಎಂಬ ರಿಯಾಯಿತಿಯನ್ನು ಕೊಟ್ಟ ಮೇಲೂ, ಈ ಎರಡು ಕಡೆ ಪಕ್ಷೇತರನಿಗೆ ಬಿದ್ದ ಮತ ಪೂರ್ತಿಯಾಗಿ ಪಕ್ಷದ ಮತವಾಗಿರಲಿಲ್ಲ ಎಂಬುದು ಸ್ಪಷ್ಟ. ಅದರಲ್ಲಿ ಸರ್ಕಾರದ ಮೇಲಿನ ಸಿಟ್ಟೂ ಸೇರಿತ್ತು.

ಹಾಗಾದರೆ ಮತ ಕರಗಿದ್ದು ಎಲ್ಲಿ? 2017ರಲ್ಲಿ 44 ಸ್ಥಾನ ಗೆದ್ದಾಗ ಬಿಜೆಪಿಯ ಪಾಲು ಶೇ 48.8, ಕಾಂಗ್ರೆಸ್ಸಿನದು ಶೇ 41.7. ಐದು ವರ್ಷಗಳಲ್ಲಿ ಬಿಜೆಪಿ ಕಳೆದುಕೊಂಡದ್ದು ಸುಮಾರು ಶೇ 5.8, ಕಾಂಗ್ರೆಸ್ ಗಳಿಸಿದ್ದು ಶೇ 2.2 ಮಾತ್ರ. ಉಳಿದದ್ದು ಬಹುಪಾಲು ಪಕ್ಷೇತರರ ಪಾಲಿಗೆ ಸೇರಿತು. ಮನೆ ಬಿಟ್ಟವರಲ್ಲಿ ಬಹಳಷ್ಟು ಮಂದಿ ಎದುರು ಮನೆಗೆ ಹೋಗಲಿಲ್ಲ. 2021ರ ಉಪಚುನಾವಣೆಗಳಲ್ಲಿಯೇ ಇದರ ಮುನ್ಸೂಚನೆ ಇತ್ತು: ಮಂಡಿ ಲೋಕಸಭಾ ಕ್ಷೇತ್ರದ ಜೊತೆಗೆ ಫತೇಪುರ್, ಅರ್ಕಿ, ಜುಬ್ಬಲ್–ಕೋಟ್‌ಖಾಯಿ ವಿಧಾನಸಭಾ ಕ್ಷೇತ್ರಗಳನ್ನೂ ಕಾಂಗ್ರೆಸ್ ಗೆದ್ದಿತ್ತು. ಸೇಬು ಬೆಳೆಯುವ ಜುಬ್ಬಲ್–ಕೋಟ್‌ಖಾಯಿಯಲ್ಲಿ ಟಿಕೆಟ್ ತಪ್ಪಿದ ಚೇತನ್ ಬ್ರಗ್ತಾ ಪಕ್ಷೇತರರಾಗಿ ನಿಂತು, ಬಿಜೆಪಿಯ ಅಧಿಕೃತ ಅಭ್ಯರ್ಥಿ ಠೇವಣಿಯನ್ನೇ ಕಳೆದುಕೊಂಡರು. ಮರುವರ್ಷ ಬ್ರಗ್ತಾ ಅವರಿಗೇ ಟಿಕೆಟ್ ಕೊಟ್ಟರೂ ಬಿಜೆಪಿ ಅಲ್ಲಿ ಸೋತಿತು. ಸೇಬಿನ ರಟ್ಟಿನ ಪೆಟ್ಟಿಗೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದ್ದನ್ನು ವಿರೋಧಿಸಿ ಬೆಳೆಗಾರರು ಶಿಮ್ಲಾದಲ್ಲಿ ಬೀದಿಗಿಳಿದದ್ದು ಅದೇ 2022ರ ಬೇಸಿಗೆ ಕಳೆದ ಮೇಲೆ.

ಮತ ಕರಗಿದ್ದಕ್ಕೆ ಇನ್ನೊಂದು ಕಾರಣವಾದ ಪಿಂಚಣಿಯ ವಿಷಯವನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಅವರದು ಹಳೆಯ ಪಿಂಚಣಿ. ಅವರ ಸೊಸೆ 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ಶಿಕ್ಷಕಿಯಾದ್ದರಿಂದ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಗೆ ಸೇರಿದವರು. ಮೇಷ್ಟ್ರು ಸೊಸೆಯ ಸಂಬಳದ ಚೀಟಿ ತಂದು, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತವಾಗಿರುವ ಸಾಲಿನ ಮೇಲೆ ಬೆರಳಿಟ್ಟು, “ನೋಡಪ್ಪಾ, ನನಗೆ ಕೊನೇ ಸಂಬಳದ ಅರ್ಧ ಗ್ಯಾರಂಟಿ ಐತಿ. ಈಕಿಗೆ ಎಷ್ಟು ಬರ್ತೈತೋ ಮಾರ್ಕೆಟ್ಟೇ ಹೇಳ್ಬೇಕು. ಒಂದೇ ಮನಿಯಾಗ ಎರಡು ನ್ಯಾಯ” ಎಂದರು. ಸರ್ಕಾರಿ ನೌಕರಿಯೇ ಬಹಳಷ್ಟು ಮನೆಗಳ ಆಸರೆಯಾಗಿರುವ ಸಣ್ಣ ಗುಡ್ಡಗಾಡು ರಾಜ್ಯದಲ್ಲಿ ಈ ಒಂದು ಸಾಲಿನ ತೂಕ ಎಷ್ಟಿದ್ದೀತು ಎಂಬುದು ಆ ಚೀಟಿ ನೋಡಿದ ಮೇಲೆ ನನಗೆ ಅರ್ಥವಾಯಿತು. ಕಾಂಗ್ರೆಸ್ ಮೊದಲ ಸಂಪುಟ ಸಭೆಯಲ್ಲಿಯೇ ಹಳೆಯ ಪಿಂಚಣಿಯನ್ನು ಮರಳಿ ತರುವುದಾಗಿ ಹೇಳಿತು. ಆಡಳಿತದಲ್ಲಿದ್ದವರ ಬಳಿ ಅದಕ್ಕೆ ನೇರ ಉತ್ತರವಿರಲಿಲ್ಲ. ಸಂಪ್ರದಾಯ ಮುರಿಯುತ್ತೇವೆ ಎಂಬ ಘೋಷಣೆಯೊಂದಿಗೆ ಹೊರಟ ಪಕ್ಷ, ಪ್ರಧಾನಿಯ ಹೆಸರಿನಲ್ಲಿ ಮತ ಕೇಳಿತು. ಮತದಾರರು ರಾಜ್ಯದ ಚುನಾವಣೆಯನ್ನೂ ದೆಹಲಿಯ ಚುನಾವಣೆಯನ್ನೂ ಬೇರೆಬೇರೆ ಇಟ್ಟಿದ್ದರು. 2019ರ ಲೋಕಸಭಾ ಚುನಾವಣೆಯಲ್ಲಿ ಅದೇ ರಾಜ್ಯ ಬಿಜೆಪಿಗೆ ಶೇ 69ರಷ್ಟು ಮತ ಕೊಟ್ಟಿತ್ತು.

ಆದ್ದರಿಂದ ಹಾಳೆಯಲ್ಲಿ ಬಂಡಾಯದ ಕಾಲಂನ ತಲೆಬರಹವನ್ನು ‘ಕಾರಣ’ದ ಗುಂಪಿನಿಂದ ತೆಗೆದು ‘ಲಕ್ಷಣ’ದ ಗುಂಪಿಗೆ ಹಾಕಿದ್ದೇನೆ. ಸರ್ಕಾರದ ಮೇಲೆ ಜನರ ಮುನಿಸು ಇದ್ದ ಕಡೆ ಟಿಕೆಟ್ ತಪ್ಪಿದವನಿಗೆ ಧೈರ್ಯ ಬರುತ್ತದೆ; ಗೆಲ್ಲುವ ಗಾಳಿ ಇದ್ದಾಗ ಅವನೇ ಮನೆಯಲ್ಲಿ ಕುಳಿತು ನಿಗಮ–ಮಂಡಳಿಗಾಗಿ ಕಾಯುತ್ತಾನೆ.

ಮುಂದಿನ ಕಾಲಂ 2024ರ ಜೂನ್ 1ರದು. ಅಂದು ಹಿಮಾಚಲದ ಮತದಾರರು ನಾಲ್ಕೂ ಲೋಕಸಭಾ ಸ್ಥಾನಗಳನ್ನು ಬಿಜೆಪಿಗೆ ಕೊಟ್ಟು, ಅದೇ ಮತಗಟ್ಟೆಗಳಲ್ಲಿ ಆರು ವಿಧಾನಸಭಾ ಉಪಚುನಾವಣೆಗಳ ಪೈಕಿ ನಾಲ್ಕನ್ನು ಕಾಂಗ್ರೆಸ್ಸಿಗೆ ಕೊಟ್ಟರು. 2022ರಲ್ಲಿ ಸುಜಾನ್‌ಪುರದಲ್ಲಿ 399 ಮತಗಳಿಂದ ಗೆದ್ದ ಕಾಂಗ್ರೆಸ್ಸಿನ ರಾಜೇಂದ್ರ ರಾಣಾ ಬಿಜೆಪಿಯಿಂದ, ಅಂದು ಸೋತ ಬಿಜೆಪಿಯ ರಂಜಿತ್ ಸಿಂಗ್ ಕಾಂಗ್ರೆಸ್ಸಿನಿಂದ ನಿಂತರು. ಈ ಬಾರಿ ರಂಜಿತ್ ಸಿಂಗ್ ಗೆದ್ದರು. ಆ ಒಂದು ಕ್ಷೇತ್ರದ ನಮೂನೆ 20ನ್ನು, ಅಂದರೆ ಮತಗಟ್ಟೆವಾರು ಮತಗಳ ಅಧಿಕೃತ ಪಟ್ಟಿಯನ್ನು, ಎರಡೂ ಚುನಾವಣೆಗಳಿಗೆ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಶುರುವಾಗಿದೆ. ಮತಗಟ್ಟೆಗಳ ಹೆಸರುಗಳನ್ನು ಹಿಂದಿಯಿಂದ ಕನ್ನಡಕ್ಕೆ ಬರೆದುಕೊಡುವ ಹೊಣೆಯನ್ನು ಮೇಷ್ಟ್ರು ತಾವಾಗಿಯೇ ವಹಿಸಿಕೊಂಡಿದ್ದಾರೆ.