ರೋಮ್‌ಗೆ ಹೋದರೆ ಕೊಲೋಸಿಯಂ ಕೊನೆಗಿರಲಿ

ರೋಮ್‌ನಲ್ಲಿ ಇಳಿದವರೆಲ್ಲ ಮೊದಲು ಓಡುವುದು ಕೊಲೋಸಿಯಂಗೆ. ಅದು ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ. ಆ ಹೊತ್ತಿಗೆ ರೋಮನ್ ಗಣರಾಜ್ಯ ಮುಗಿದು ನೂರು ವರ್ಷ ಕಳೆದಿತ್ತು. ಸೆನೆಟ್ ಎಂಬ ಹಿರಿಯರ ಸಭೆ, ಕಾನ್ಸಲ್ ಎಂಬ ಚುನಾಯಿತ ಆಡಳಿತ ಮುಖ್ಯಸ್ಥರು, ಜನಸಭೆ ಎಲ್ಲ ಇದ್ದ ವ್ಯವಸ್ಥೆ ಹೇಗೆ ಒಬ್ಬನ ಕೈಗೆ ಹೋಯಿತು ಎಂಬ ಕುತೂಹಲ ನಿಮಗಿದ್ದರೆ ಕ್ಯಾಪಿಟೋಲಿನ್ ಗುಡ್ಡದಿಂದ ಆರಂಭಿಸಿ, ಘಟನೆಗಳು ನಡೆದ ಜಾಗಗಳನ್ನು ನೋಡುತ್ತಾ ನಡೆಯಿರಿ. ಬಹುತೇಕ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ.

ಗುಡ್ಡದ ಮೇಲಿನ ಕ್ಯಾಪಿಟೋಲಿನ್ ವಸ್ತುಸಂಗ್ರಹಾಲಯದೊಳಗೆ ಜುಪಿಟರ್ ದೇವಾಲಯದ ದೈತ್ಯ ಅಡಿಪಾಯವಿದೆ. ಅದರ ಆಸುಪಾಸಿನಲ್ಲೇ ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್‌ನನ್ನು ಹೊಡೆದು ಕೊಂದರು. ಬಡ ರೈತರಿಗೆ ಸರ್ಕಾರಿ ಭೂಮಿ ಹಂಚಲು ಹೊರಟ ಆತ ರೂಢಿ ಮೀರಿ ಎರಡನೇ ಬಾರಿ ಟ್ರಿಬ್ಯೂನ್ ಎಂಬ ಜನಪ್ರತಿನಿಧಿ ಹುದ್ದೆಗೆ ಸ್ಪರ್ಧಿಸಿದ್ದ. ಬಡಿಗೆ ಹಿಡಿದು ಬಂದವರು ಸೆನೆಟರುಗಳು ಮತ್ತು ಅವರ ಹಿಂಬಾಲಕರು. ನನ್ನ ಮಟ್ಟಿಗೆ ಗಣರಾಜ್ಯಕ್ಕೆ ಬಿದ್ದ ಮೊದಲ ಮಾರಕ ಪೆಟ್ಟು ಇದು. ಮುಂದೆ ಸರ್ವಾಧಿಕಾರಿಯಾದ ಸೇನಾಪತಿ ಜೂಲಿಯಸ್ ಸೀಸರ್ ಆಗ ಹುಟ್ಟಿಯೂ ಇರಲಿಲ್ಲ. ಅದೇ ಟಿಕೆಟ್‌ನಲ್ಲಿ ಟಬುಲೇರಿಯಂ ಎಂಬ ಪ್ರಾಚೀನ ಕಟ್ಟಡದ ಮೊಗಸಾಲೆಗೂ ಹೋಗಬಹುದು. ಕೆಳಗೆ ಹಳೆಯ ರೋಮ್‌ನ ಸಾರ್ವಜನಿಕ ಚೌಕವಾದ ಫೋರಂ ಪೂರ್ತಿ ಕಾಣುತ್ತದೆ. ನಕ್ಷೆ ಬಿಡಿಸಿ ಗುರುತು ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಫೋರಂಗೆ ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಕೊಳ್ಳಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಕಾಲಡಿಯ ಬಸಾಲ್ಟ್ ಚಪ್ಪಡಿಗಳು ಏರುಪೇರು, ಚಪ್ಪಲಿ ಬೇಡ, ಬೂಟು ಹಾಕಿ. ನೆರಳು ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಹೋಗುವುದು ಶಿಕ್ಷೆ. ಬಾಟಲಿ ಒಯ್ದರೆ ಬೀದಿ ನಲ್ಲಿಗಳಲ್ಲಿ ಕುಡಿಯುವ ನೀರು ಉಚಿತ.

ಒಳಗೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರೋಸ್ಟ್ರಾ ಎಂಬ ಭಾಷಣ ವೇದಿಕೆಯ ಮುಂದೆ. ಇಂದು ಅಲ್ಲಿರುವುದು ಸಾಧಾರಣ ಕಲ್ಲಿನ ಗೋಡೆ, ಗುಂಪುಗಳು ತಿರುಗಿಯೂ ನೋಡದೆ ಮುಂದೆ ಹೋಗುತ್ತವೆ. ಕ್ರಿ.ಪೂ. 43ರಲ್ಲಿ ಸೀಸರ್‌ನ ಆಪ್ತನಾಗಿದ್ದ ಸೇನಾಪತಿ ಆಂಟನಿಯ ಆಜ್ಞೆಯಂತೆ ವಾಗ್ಮಿ, ಸೆನೆಟರ್ ಸಿಸೆರೋನ ತಲೆ ಮತ್ತು ಕೈ ಕತ್ತರಿಸಿ ರೋಸ್ಟ್ರಾದ ಮೇಲೆ ಪ್ರದರ್ಶನಕ್ಕಿಟ್ಟರು. ಆಂಟನಿಯ ವಿರುದ್ಧ ಭಾಷಣ ಬರೆದದ್ದು ಆ ಕೈಯ ಅಪರಾಧ. ವಿರೋಧಿಗಳನ್ನು ಹೀಗೆ ಬಹಿರಂಗವಾಗಿ ಮುಗಿಸುವ ಪದ್ಧತಿ ಹೊಸದೇನಲ್ಲ. ಕ್ರಿ.ಪೂ. 88ರಲ್ಲಿ ತನ್ನದೇ ನಗರದ ಮೇಲೆ ಸೈನ್ಯ ನುಗ್ಗಿಸಿದ ಸೇನಾಪತಿ ಸುಲ್ಲಾ, ಮುಂದೆ ಸರ್ವಾಧಿಕಾರಿಯಾಗಿ, ಕೊಲ್ಲಬೇಕಾದವರ ಹೆಸರಿನ ಪಟ್ಟಿಯನ್ನೇ ಬಹಿರಂಗವಾಗಿ ಹಾಕಿಸಿದ್ದ. ಸೈನಿಕರಿಗೆ ಭೂಮಿ, ಬಹುಮಾನ ಕೊಡುವವನು ಸೇನಾಪತಿಯೇ ಆದ ಮೇಲೆ ಅವರ ನಿಷ್ಠೆಯೂ ಅವನಿಗೇ. ಪಾಂಪೆ, ಸೀಸರ್, ಆಂಟನಿ, ಈ ಸೇನಾಪತಿಗಳೆಲ್ಲರೂ ಹತ್ತಿದ್ದು ಇದೇ ಏಣಿಯನ್ನು.

ಪಕ್ಕದ ಇಟ್ಟಿಗೆ ಕಟ್ಟಡ ಕ್ಯೂರಿಯಾ ಜೂಲಿಯಾ, ಸೆನೆಟ್ ಸಭಾಂಗಣ. ಈಗಿನದು ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ ಮತ್ತೆ ಕಟ್ಟಿದ್ದು. ಎಲ್ಲ ಟಿಕೆಟ್‌ಗಳಲ್ಲೂ ಒಳಗೆ ಬಿಡುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಸೀಸರ್‌ನ ಶವ ಸುಟ್ಟ ಜಾಗದಲ್ಲಿ ಕಟ್ಟಿದ ದೇವಾಲಯದ ಅವಶೇಷವೂ ಹತ್ತಿರದಲ್ಲೇ ಇದೆ. ಜನ ಇಂದಿಗೂ ಹೂವಿಡುತ್ತಾರೆ. ಸರ್ವಾಧಿಕಾರಿಗೆ ಸಿಗುವ ಹೂವು ಸಿಸೆರೋಗೆ ಸಿಗುವುದಿಲ್ಲ!

ಸೀಸರ್ ಸತ್ತದ್ದು ಫೋರಂನಲ್ಲಲ್ಲ. ಕ್ರಿ.ಪೂ. 52ರಲ್ಲಿ ಕ್ಲೋಡಿಯಸ್ ಎಂಬ ರಾಜಕಾರಣಿಯ ಬೆಂಬಲಿಗರು ಅವನ ಹೆಣ ಸುಡುವ ಗದ್ದಲದಲ್ಲಿ ಹಳೆಯ ಸೆನೆಟ್ ಭವನವನ್ನೇ ಸುಟ್ಟಿದ್ದರು. ಹೊಸದು ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಕ್ರಿ.ಪೂ. 44ರ ಮಾರ್ಚ್ 15ರ ಸಭೆ ಪಾಂಪೆ ಕಟ್ಟಿಸಿದ ಸಭಾಂಗಣದಲ್ಲಿ ಸೇರಿತು, ಸಂಚು ಹೂಡಿದ ಸೆನೆಟರುಗಳಿಂದ ಸೀಸರ್ 23 ಇರಿತ ತಿಂದು ಬಿದ್ದದ್ದು ತಾನು ಸೋಲಿಸಿದ ಪಾಂಪೆಯ ಪ್ರತಿಮೆಯ ಬುಡದಲ್ಲೇ. ಆ ಜಾಗ ಲಾರ್ಗೊ ಅರ್ಜೆಂಟೀನಾ ಚೌಕದಲ್ಲಿದೆ. 2023ರಿಂದ ಅವಶೇಷಗಳ ನಡುವೆ ನಡೆಯಲು ಕಾಲುದಾರಿ ಮಾಡಿದ್ದಾರೆ. ಸಮಯವಿಲ್ಲದವರು ರಸ್ತೆಯ ಕಟಕಟೆಯಿಂದಲೇ ಇಣುಕಬಹುದು. ಬೆಕ್ಕುಗಳ ಆಶ್ರಯಧಾಮವೂ ಅಲ್ಲೇ, ಮಕ್ಕಳಿಗೆ ಅದೇ ಮುಖ್ಯ ಆಕರ್ಷಣೆ. ಟರ್ಮಿನಿ ನಿಲ್ದಾಣದಿಂದ 64ನೇ ಬಸ್ ಇಲ್ಲಿಗೆ ಬರುತ್ತದೆ. ಜೇಬುಗಳ್ಳರಿಗೆ ಹೆಸರಾದ ಮಾರ್ಗ, ಪರ್ಸ್ ಮುಂದಿನ ಜೇಬಿನಲ್ಲಿರಲಿ.

ಅಲ್ಲಿಂದ ಉತ್ತರಕ್ಕೆ ಇಪ್ಪತ್ತು ನಿಮಿಷ ನಡೆದರೆ ಆರಾ ಪಾಚಿಸ್ ಎಂಬ ಶಾಂತಿಯ ಬಲಿಪೀಠದ ವಸ್ತುಸಂಗ್ರಹಾಲಯ. ಟಿಕೆಟ್ ಕೊಳ್ಳದಿದ್ದರೂ ಆ ಕಟ್ಟಡದ ಹೊರಗೋಡೆಯನ್ನು ರಸ್ತೆಯಿಂದಲೇ ನೋಡಿ. ಸೀಸರ್‌ನ ದತ್ತುಪುತ್ರ, ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಬರೆಸಿದ ಲ್ಯಾಟಿನ್ ಬರಹ ಅಲ್ಲಿ ಕೆತ್ತಿದೆ. ಕನ್ನಡದ್ದೋ ಇಂಗ್ಲಿಷಿನದ್ದೋ ಅನುವಾದ ಮೊಬೈಲ್‌ನಲ್ಲಿಟ್ಟುಕೊಂಡು ಹೋದರೆ 34ನೇ ಭಾಗ ಹುಡುಕಿ. ಎದುರಾಳಿಗಳೆಲ್ಲ ಮುಗಿದ ಮೇಲೆ, ರಾಜ್ಯವನ್ನು ಸೆನೆಟ್ ಮತ್ತು ಜನರಿಗೆ ಒಪ್ಪಿಸಿದೆ ಎಂದು ಅವನು ಹೇಳಿಕೊಳ್ಳುವುದು ಅಲ್ಲೇ.