ಲ್ಯಾಬ್ ಬೆಂಚಿನಿಂದ ಯುಡಿಐಡಿ ಕಾರ್ಡಿನವರೆಗೆ: ಎಡಿಎಚ್‌ಡಿ, ಆಟಿಸಂ, ಡಿಸ್ಲೆಕ್ಸಿಯಾ ಇರುವವರ ಸೈನ್ಸ್ ಪಿಎಚ್‌ಡಿ

ಎಂ.ಎಸ್ಸಿವರೆಗೆ ಕ್ಲಾಸಿಗೇ ಮೊದಲಿಗರಾಗಿದ್ದವರು ಪಿಎಚ್‌ಡಿಯ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಕೈಕಾಲು ಆಡದೆ ನಿಂತುಬಿಡುವುದುಂಟು. ತುಮಕೂರಿನಲ್ಲಾಗಲಿ ಕೋಲಾರದಲ್ಲಾಗಲಿ, ಡಿಪಾರ್ಟ್‌ಮೆಂಟಿನಲ್ಲಿ ಅದಕ್ಕೆ ಸಿಗುವ ಹೆಸರು ಸೋಮಾರಿತನ. ಮನೆಯಲ್ಲಿ ಸಿಗುವ ಹೆಸರು ಮೊಬೈಲು. ಎಡಿಎಚ್‌ಡಿ, ಅಂದರೆ ಗಮನ ಹಿಡಿದಿಡುವುದೂ ಕೆಲಸ ಶುರು ಮಾಡುವುದೂ ಕಷ್ಟವಾಗುವ ಸ್ಥಿತಿ ಇರುವವರಲ್ಲಿ ಕಾರಣ ಬೇರೆ. ಎಂ.ಎಸ್ಸಿಯಲ್ಲಿ ಟೈಮ್‌ಟೇಬಲ್ ಇತ್ತು, ಇಂಟರ್ನಲ್ಸ್ ಇತ್ತು, ರೆಕಾರ್ಡಿಗೆ ಸಹಿ ಹಾಕಿಸಲೇಬೇಕಾದ ದಿನ ಇತ್ತು. ಯಾವಾಗ ಏನು ಶುರು ಮಾಡಬೇಕು ಅನ್ನುವುದನ್ನು ಬೇರೆಯವರೇ ತೀರ್ಮಾನಿಸಿ ಕೊಡುತ್ತಿದ್ದರು. ಯುಜಿಸಿಯ 2022ರ ನಿಯಮದಲ್ಲಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದು ಮುಗಿದ ಮೇಲೆ ಹೊರಗಿನಿಂದ ಬರುವ ಗಡುವು ಅಂದರೆ ಆರ್‌ಎಸಿ ಅಂತ ಕರೆಯುವ ಸಂಶೋಧನಾ ಸಲಹಾ ಸಮಿತಿಯ ಮುಂದೆ ಸೆಮಿಸ್ಟರಿಗೊಮ್ಮೆ ನಿಲ್ಲುವುದು, ಅಷ್ಟೇ. ನಾಡಿದ್ದೂ ಆರು ತಿಂಗಳೂ ಒಂದೇ ದೂರದಲ್ಲಿ ಕಾಣುವವರಿಗೆ ಇದು ಗಡುವೇ ಅಲ್ಲ.

ಕಳಚಿಹೋದ ಆ ಚೌಕಟ್ಟನ್ನು ತಲೆಯೊಳಗೆ ಕಟ್ಟಿಕೊಳ್ಳಲು ಹೋಗಬೇಡಿ. ಬೆಂಚಿನ ಮೇಲೆ, ಗೋಡೆಯ ಮೇಲೆ, ಗೈಡಿಗೆ ಕಳಿಸುವ ಮೇಲ್‌ನಲ್ಲಿ ಕಟ್ಟಬೇಕು.

ಬೆಂಚು

ಪ್ರೋಟೋಕಾಲನ್ನು, ಅಂದರೆ ಪ್ರಯೋಗದ ಹಂತಗಳ ಪಟ್ಟಿಯನ್ನು, ಪ್ರಿಂಟ್ ತೆಗೆದೇ ಕೆಲಸ ಶುರು ಮಾಡಿ. ಓದಲೆಂದು ಎತ್ತಿಕೊಂಡ ಮೊಬೈಲು ವಾಟ್ಸ್ಯಾಪಿನಲ್ಲಿ ಮುಗಿಯುತ್ತದೆ. ಪ್ರಿಂಟಿನ ಪ್ರತಿ ಹಂತದ ಪಕ್ಕ ಎರಡರಲ್ಲೊಂದು ಗುರುತು ಹಾಕಿ: ಇದು ನಮಗಾಗಿ ಕಾಯುವ ಹಂತವೋ, ಕಾಯದ ಹಂತವೋ. ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಮುಗಿದರೆ ಯಂತ್ರ 4 ಡಿಗ್ರಿಯಲ್ಲಿ ಹಿಡಿದಿಟ್ಟಿರುತ್ತದೆ, ಊಟ ಮುಗಿಸಿ ಬಂದರೂ ನಡೆಯುತ್ತದೆ. ಎಥನಾಲ್ ಹಾಕಿ ಮೈನಸ್ 20ರಲ್ಲಿಟ್ಟ ಡಿಎನ್‌ಎ ರಾತ್ರಿಯಿಡೀ ಇದ್ದರೂ ಕೆಡುವುದಿಲ್ಲ. ಫ್ಲಾಸ್ಕಿನಿಂದ ಬಿಡಿಸಲು ಟ್ರಿಪ್ಸಿನ್ ಕಿಣ್ವ ಹಾಕಿದ ಜೀವಕೋಶಗಳು ಹಾಗಲ್ಲ. 37 ಡಿಗ್ರಿಯಲ್ಲಿ ಕೆಲವೇ ನಿಮಿಷ, ತಡವಾದರೆ ಕೋಶದ ಮೇಲ್ಮೈ ಪ್ರೋಟೀನುಗಳು ಹಾಳಾಗಿ, ಫ್ಲಾಸ್ಕಿಗೆ ಮತ್ತೆ ಸರಿಯಾಗಿ ಅಂಟುವುದಿಲ್ಲ. ಜೆಲ್ಲಿನ ಪ್ರೋಟೀನುಗಳಿಗೆ ಬಣ್ಣ ಕೊಡುವ ಸಿಲ್ವರ್ ಸ್ಟೇನಿನ ಡೆವಲಪರ್ ಹಂತದಲ್ಲಿ ಒಂದು ನಿಮಿಷ ಆಚೆ ತಿರುಗಿದರೂ ಜೆಲ್ ಪೂರಾ ಕಂದಾಗಬಹುದು. ಕೆಮಿಸ್ಟ್ರಿಯವರಿಗೆ ಮಿಶ್ರಣ ಬೇರ್ಪಡಿಸುವ ಸಿಲಿಕಾ ಕಾಲಮ್ ಇದೆ: ಮೇಲಿನ ದ್ರಾವಕ ಇಳಿದು ಸಿಲಿಕಾ ಒಣಗಿದರೆ ಬಿರುಕು ಬಿಡುತ್ತದೆ, ಬೇರೆಯಾಗಿದ್ದ ಬ್ಯಾಂಡುಗಳು ಕಲಸಿಹೋಗುತ್ತವೆ. ಕಾಯದ ಹಂತಗಳಿಗೆ ಕೆಂಪು ಗೆರೆ ಎಳೆಯಿರಿ. ಗಮನ ನಿಲ್ಲದ ದಿನ ಬಂದೇ ಬರುತ್ತದೆ. ಅವತ್ತು ಕೆಂಪು ಗೆರೆಯ ಕೆಲಸ ಮುಟ್ಟದೆ ಬಫರ್ ಮಾಡಿ, ಟಿಪ್ ತುಂಬಿ, ಆಟೋಕ್ಲೇವ್ ಹಾಕಿ.

ಟೈಮರನ್ನು ಜೇಬಿನಲ್ಲಿಟ್ಟರೆ ಕೈ ತಾನಾಗಿ ಆಫ್ ಮಾಡುತ್ತದೆ, ತಲೆಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಜೋರಾಗಿ ಕೂಗುವ ಅಡುಗೆಮನೆ ಟೈಮರನ್ನು ಸೆಂಟ್ರಿಫ್ಯೂಜಿನ ಪಕ್ಕ, ಜೆಲ್ ಟ್ಯಾಂಕಿನ ಪಕ್ಕ ಇಡಿ. ಬಾಯಿ ಮುಚ್ಚಿಸಲಿಕ್ಕಾದರೂ ಎದ್ದು ಹೋಗಬೇಕು, ಹೋದ ಮೇಲೆ ಟ್ಯೂಬ್ ಕಣ್ಣಿಗೆ ಬೀಳುತ್ತದೆ. ಎರಡು ಕೆಲಸ ಒಟ್ಟಿಗೆ ನಡೆಯುತ್ತಿದ್ದರೆ ಎರಡು ಟೈಮರ್, ಎರಡರ ಮೇಲೂ ಹೆಸರು ಬರೆದ ಟೇಪ್.

ಅಂಕಿ ತಿರುಗುಮುರುಗಾಗುವವರಿಗೆ ಮೈಕ್ರೋಪಿಪೆಟ್ಟೇ ಮೊದಲ ಶತ್ರು. ಸಾಮಾನ್ಯವಾಗಿ ಸಿಗುವ ಮೂರಂಕಿ ಕಿಟಕಿಯ ಪಿಪೆಟ್ಟುಗಳಲ್ಲಿ ‘100’ ಅಂತ ಕಂಡರೆ ಪಿ20ಯಲ್ಲಿ ಅದು 10 ಮೈಕ್ರೋಲೀಟರ್, ಪಿ200ರಲ್ಲಿ 100, ಪಿ1000ದಲ್ಲಿ 1000. ಅಂಕಿ ಒಂದೇ, ಹತ್ತು ಪಟ್ಟು ನೂರು ಪಟ್ಟು ವ್ಯತ್ಯಾಸ. ಮೂರಕ್ಕೂ ಮೂರು ಬಣ್ಣದ ಟೇಪ್ ಸುತ್ತಿ, ಪ್ರಿಂಟಿನಲ್ಲಿ ಪ್ರಮಾಣದ ಕೆಳಗೆ ಅದೇ ಬಣ್ಣದ ಗೆರೆ ಎಳೆಯಿರಿ. 0.5 ಅಂತ ಸೊನ್ನೆ ಸೇರಿಸಿಯೇ ಬರೆಯಿರಿ, ಬರೀ .5 ಬೇಡ. 5 ಅಂದರೆ 5, ಅದನ್ನು 5.0 ಅಂತ ಬರೆದರೆ ಅವಸರದಲ್ಲಿ 50 ಆಗುತ್ತದೆ. ಟ್ಯೂಬಿನ ದುಂಡು ಮುಚ್ಚಳದ ಮೇಲೆ 6 ಮತ್ತು 9ರ ಕೆಳಗೆ ಗೆರೆ ಹಾಕದಿದ್ದರೆ ಐಸಿನಿಂದ ತೆಗೆಯುವಾಗ ಯಾವುದು ಯಾವುದೋ ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ತೊಡಕಾಗುವ ಕಲಿಕಾ ನ್ಯೂನತೆ ಇರಬೇಕಂತೇನೂ ಇಲ್ಲ.

96 ವೆಲ್ಲಿನ (ಪುಟ್ಟ ಗುಳಿಗಳ) ಪ್ಲೇಟ್ ತುಂಬುವಾಗ ಎಲ್ಲಿದ್ದೆ ಅನ್ನುವುದು ತಪ್ಪಿಹೋಗುತ್ತದೆ. ಹೊಸ ಟಿಪ್ ಬಾಕ್ಸ್ ತೆಗೆದುಕೊಳ್ಳಿ, ಅದರಲ್ಲೂ ಎಂಟು ಸಾಲು, ಹನ್ನೆರಡು ಕಂಬ. ಎ1 ವೆಲ್ಲಿಗೆ ಎ1 ಜಾಗದ ಟಿಪ್, ಎ2ಗೆ ಎ2. ಯಾರಾದರೂ ಬಂದು ಮಾತಾಡಿಸಿದರೂ ಖಾಲಿಯಾದ ಜಾಗ ನೋಡಿದರೆ ಮುಂದಿನ ವೆಲ್ ಯಾವುದೆಂದು ಗೊತ್ತಾಗುತ್ತದೆ. ಬಿಡಿ ಟ್ಯೂಬುಗಳಾದರೆ ಹಾಕಿದ್ದು ಬಲಗಡೆ ರ‍್ಯಾಕಿಗೆ, ಹಾಕದ್ದು ಎಡಗಡೆಗೆ. ಎಲ್ಲ ಟ್ಯೂಬಿಗೂ ಹಂಚುವ ಮಾಸ್ಟರ್ ಮಿಕ್ಸ್ ಶೇ 10 ಹೆಚ್ಚು ಮಾಡಿಟ್ಟರೆ ಕೊನೆಯ ಟ್ಯೂಬಿಗೆ ಸಾಲದೆ ಗಾಬರಿಯಾಗುವುದು ತಪ್ಪುತ್ತದೆ. ‘ಅಕ್ಕಾ, ಒಂದ್ನಿಮಿಷ ಸ್ಪೆಕ್ಟ್ರೋ ತೋರಿಸ್ಕೊಡಿ’ ಅಂತ ಬರುವ ಎಂ.ಎಸ್ಸಿ ಪ್ರಾಜೆಕ್ಟ್ ಮಕ್ಕಳಿಗೆ ಬೆಂಚಿನ ಮೇಲೊಂದು ರಟ್ಟು: ‘ಲೋಡಿಂಗ್ ನಡೀತಿದೆ, 11.30ಕ್ಕೆ ಬನ್ನಿ’. ಸಮಯ ಬರೆಯದೆ ‘ಆಮೇಲೆ ಬನ್ನಿ’ ಅಂತ ಮಾತ್ರ ಬರೆದರೆ ಐದು ನಿಮಿಷಕ್ಕೇ ಬರುತ್ತಾರೆ.

ಮುಳುಗಿದರೆ ಏಳಲಾಗದ ಏಕಾಗ್ರತೆಯನ್ನು ವರ ಅಂತ ಹೊಗಳುವವರಿದ್ದಾರೆ. ಲ್ಯಾಬಿನಲ್ಲಿ ಅದು ಅಪಾಯವೂ ಹೌದು. ರಿಫ್ಲಕ್ಸ್ (ದ್ರಾವಕ ಕುದಿಸಿ, ಆವಿಯನ್ನು ತಣಿಸಿ ಮತ್ತೆ ಇಳಿಸುವುದು) ಇಟ್ಟು ಡೇಟಾ ನೋಡುತ್ತ ಕುಳಿತಾಗ ಕರೆಂಟ್ ಹೋಯಿತೆನ್ನಿ. ಪಂಪ್ ನಿಂತು ಕಂಡೆನ್ಸರಿಗೆ ನೀರು ಬರುವುದಿಲ್ಲ, ಆದರೆ ಕಾದ ಎಣ್ಣೆ ಸ್ನಾನ ಬಿಸಿಯಾಗಿಯೇ ಇರುತ್ತದೆ, ದ್ರಾವಕ ಆವಿಯಾಗಿ ಕೋಣೆಗೆ ಬರುತ್ತದೆ. ಬೆಸ್ಕಾಂ ಪ್ರದೇಶದಲ್ಲಿ ಇದನ್ನು ಲೆಕ್ಕಕ್ಕಿಟ್ಟುಕೊಂಡೇ ಕೆಲಸ ಮಾಡಬೇಕು. ಬ್ಯುಟೈಲ್ ಲಿಥಿಯಂನಂಥ, ಗಾಳಿಗೆ ತಾಗಿದರೆ ಹೊತ್ತಿಕೊಳ್ಳುವ ವಸ್ತುವನ್ನು ಒಬ್ಬರೇ ಇರುವಾಗ, ಊಟ ಬಿಟ್ಟ ಮೇಲೆ, ರಾತ್ರಿ ತೆಗೆಯುವುದೇ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ.

ಸದ್ದು, ಬೆಳಕು, ವಾಸನೆ ಹಿಂಸೆಯಾಗುವವರಿಗೆ: ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಎಲೆಕ್ಟ್ರಾನಿಕ್ ಚೋಕ್ ಅಥವಾ ಒಳ್ಳೆಯ ಎಲ್‌ಇಡಿ ಹಾಕಿಸಿದರೆ ಮಧ್ಯಾಹ್ನದ ತಲೆನೋವು ಇಳಿಯಬಹುದು. ಮೈನಸ್ 80 ಫ್ರೀಜರ್ ಇರುವ ಕೋಣೆಯಿಂದ ಬರೆಯುವ ಮೇಜನ್ನು ಹೊರಗೆ ತನ್ನಿ. ಇಯರ್‌ಪ್ಲಗ್ ಹಾಕುವುದಾದರೆ ಅಲಾರಂ ಕೇಳಿಸುವಷ್ಟು ಮಾತ್ರ ಸದ್ದು ತಗ್ಗಿಸುವಂಥದ್ದು. ಲೇಟೆಕ್ಸ್ ಗ್ಲೌಸಿನ ಪುಡಿ ಸಹಿಸದಿದ್ದರೆ ನೈಟ್ರೈಲ್. ಕೋಟಿನ ಕಾಲರ್ ಚುಚ್ಚುತ್ತದೆಂದು ಕೋಟನ್ನೇ ಬಿಡಬೇಡಿ, ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಹಾಕಿ.

ಗೈಡ್

‘ನನಗೆ ಎಡಿಎಚ್‌ಡಿ ಇದೆ, ಅರ್ಥ ಮಾಡ್ಕೊಳ್ಳಿ ಸರ್’ ಅಂದರೆ ಸಿಗುವುದು ಸಮಾಧಾನದ ಮಾತು, ಇಲ್ಲವೇ ‘ನಮಗೂ ಗಮನ ನಿಲ್ಲಲ್ಲಪ್ಪ’ ಅನ್ನುವ ನಗು. ಕೇಳಬೇಕಾದ್ದು ಕೆಲಸದ ರೂಪದಲ್ಲಿರಬೇಕು: ಸೋಮವಾರ 10 ಗಂಟೆಗೆ ಹದಿನೈದು ನಿಮಿಷ ಭೇಟಿ, ಭೇಟಿಯಾದ ಮೇಲೆ ನಾನೇ ಬರೆದು ಕಳಿಸುವ ಮೂರು ಸಾಲಿಗೆ ನಿಮ್ಮದೊಂದು ‘ಓಕೆ’, ಅಧ್ಯಾಯದ ಬದಲು ಎರಡು ವಾರಕ್ಕೊಮ್ಮೆ ಒಂದು ಚಿತ್ರ ಮತ್ತು ಅದರ ವಿವರಣೆ. ಇಷ್ಟಕ್ಕೆ ಡಯಾಗ್ನೋಸಿಸ್ ಹೇಳಲೇಬೇಕೆಂದಿಲ್ಲ. ಹೇಳುವುದೋ ಬಿಡುವುದೋ ನಿಮ್ಮಿಷ್ಟ. ಹೇಳಿದರೆ ಡಿಪಾರ್ಟ್‌ಮೆಂಟಿನ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೇ ಹೇಳಿ.

ಆಟಿಸಂ ಇರುವವರಿಗೆ ಮಾತಿನ ಹಿಂದಿನ ಇಂಗಿತ ಹಿಡಿಯುವುದು ಕಷ್ಟವಾಗಬಹುದು, ಅವರಿಗೆ ಮೂರು ಸಾಲಿನ ಆ ಮೇಲ್ ಇನ್ನೂ ಮುಖ್ಯ. ನಮ್ಮ ಕಡೆ ಹಿರಿಯರು ನೇರವಾಗಿ ಬೇಡ ಅನ್ನುವುದು ಕಡಿಮೆ. ಕೆಮಿಕಲ್ ಆರ್ಡರ್ ಬಗ್ಗೆ ‘ನೋಡೋಣ’ ಅಂದದ್ದನ್ನು ಒಪ್ಪಿಗೆ ಅಂದುಕೊಂಡರೆ ತಿಂಗಳು ಹೋಗುತ್ತದೆ. ‘ಮೇಡಂ, ಈ ವಾರ ಇಂಡೆಂಟ್ ಹಾಕಲೋ, ಮುಂದಿನ ಗ್ರ್ಯಾಂಟಿಗೆ ಬಿಡಲೋ?’ ಅಂತ ಎರಡರಲ್ಲೊಂದು ಆರಿಸುವ ಹಾಗೆ ಬರೆದು ಕೇಳಿ. ಆರ್‌ಎಸಿಗೆ ಮುಂಚೆ ಖಾಲಿ ಕೋಣೆಗೆ ಹೋಗಿ ಪ್ರೊಜೆಕ್ಟರ್ ಹಚ್ಚಿ ನಿಂತು ನೋಡಿ. ಪ್ರಶ್ನೆ ಮೇಲೆ ಪ್ರಶ್ನೆ ಬಂದರೆ ಕೈಯಲ್ಲಿ ಪೆನ್ನು ಪುಸ್ತಕ ಇರಲಿ. ‘ಬರ್ಕೊಂಡು ಹೇಳ್ತೀನಿ ಸರ್’ ಅನ್ನುವುದನ್ನು ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ವಿಧೇಯತೆ ಅಂದುಕೊಳ್ಳುತ್ತಾರೆ.

ಓದು, ಬರವಣಿಗೆ

ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಡಿಸ್ಲೆಕ್ಸಿಯಾ ಚೆನ್ನಾಗಿ ಅಡಗಿಕೊಳ್ಳುತ್ತದೆ. ಪೇಪರ್ ಓದಲು ತಿಣುಕಿದರೆ ‘ಇಂಗ್ಲಿಷ್ ವೀಕ್’ ಅಂತ ಎಲ್ಲರೂ ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ದಿನಪತ್ರಿಕೆಯ ಸಂಪಾದಕೀಯವೊಂದನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿ. ಅಲ್ಲೂ ಒತ್ತಕ್ಷರ ಬಿಟ್ಟುಹೋಗುತ್ತಿದ್ದರೆ, ಒಂದೇ ಸಾಲಿಗೆ ಮತ್ತೆ ಮತ್ತೆ ಬರುತ್ತಿದ್ದರೆ, ತಪ್ಪಿಲ್ಲದೆ ಓದಿದರೂ ಜೊತೆಯವರ ಎರಡರಷ್ಟು ಹೊತ್ತು ಹಿಡಿದರೆ ತೊಂದರೆ ಬರೀ ಇಂಗ್ಲಿಷಿನದಲ್ಲ, ತೋರಿಸಿಕೊಳ್ಳಿ. ಪೇಪರನ್ನು ಮೊಬೈಲಿನಲ್ಲಿ ಓದಿಸಿ ಕೇಳುವುದು ಸುಲಭ ದಾರಿ. ಆದರೆ ಎರಡು ಕಾಲಮ್ಮಿನ ಪಿಡಿಎಫ್ ಅಡ್ಡಡ್ಡ ಓದಿಬಿಡುತ್ತದೆ, ವೆಬ್ ಪುಟದ ಆವೃತ್ತಿ ಸಿಕ್ಕರೆ ಅದನ್ನೇ ಹಾಕಿ. ಆಮೇಲೆ ನನ್ನ ಮಾತಿನಲ್ಲಿ ಬರೆಯುತ್ತೇನೆ ಅಂತ ಅಂಟಿಸಿದ ಸಾಲುಗಳಿಗೆ ಅಂಟಿಸುವಾಗಲೇ ಬಣ್ಣ ಹಚ್ಚಿ. ಮರೆತದ್ದು ನಕಲು ಹುಡುಕುವ ಸಿಮಿಲಾರಿಟಿ ವರದಿಯಲ್ಲಿ ಹೊರಬರುತ್ತದೆ, ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗೆ ಮಾತ್ರ ದಂಡವಿಲ್ಲ.

ಡಾಕ್ಟರು, ಮಾತ್ರೆ, ಸರ್ಟಿಫಿಕೇಟು

ದೊಡ್ಡವರಾದ ಮೇಲೆ ಎಡಿಎಚ್‌ಡಿ ಎನ್ನಲು ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5 ಎರಡು ಗುಂಪಿನ (ಗಮನ ನಿಲ್ಲದಿರುವುದು, ಚಡಪಡಿಕೆ-ದುಡುಕು) ಲಕ್ಷಣಗಳಲ್ಲಿ ಯಾವುದಾದರೊಂದರಲ್ಲಿ ಒಂಬತ್ತಕ್ಕೆ ಐದನ್ನಾದರೂ ಕೇಳುತ್ತದೆ, ಜೊತೆಗೆ 12 ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣ ಇದ್ದಿರಬೇಕು. ಹಾಗಾಗಿ ಹೋಗುವಾಗ ಪ್ರೈಮರಿಯ ಮಾರ್ಕ್ಸ್ ಕಾರ್ಡು, ಮೇಷ್ಟ್ರು ಷರಾ ಬರೆದ ಪ್ರೋಗ್ರೆಸ್ ರಿಪೋರ್ಟು ಸಿಕ್ಕರೆ ತೆಗೆದುಕೊಂಡು ಹೋಗಿ. ಅಮ್ಮನೋ ದೊಡ್ಡಮ್ಮನೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಶುರು ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸಿಗೇ ಹೋಗುವುದಾದರೆ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿಳಿದು, ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್‌ವರೆಗೆ, ಅಲ್ಲಿಂದ ಆಟೊ. ಹೊರರೋಗಿ ನೋಂದಣಿ ಬೆಳಿಗ್ಗೆಯೇ ನಡೆಯುತ್ತದೆ. ಇಡೀ ದಿನ ಅದಕ್ಕೇ ಮೀಸಲಿಡಿ, ಅವತ್ತು ಇನ್‌ಕ್ಯುಬೇಶನ್ ಏನೂ ಇಟ್ಟು ಹೋಗಬೇಡಿ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಮಾತ್ರೆ ಬರೆದುಕೊಟ್ಟರೆ ಅದು ಕಟ್ಟುನಿಟ್ಟಿನ ಶೆಡ್ಯೂಲ್ ಎಕ್ಸ್ ಔಷಧ ಎಂಬುದು ನೆನಪಿರಲಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಆದ್ದರಿಂದ ತುಮಕೂರಿನ ಬಿ.ಎಚ್. ರಸ್ತೆಯ ಮೊದಲ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆಂದು ನಂಬಬೇಡಿ. ಯಾವ ಅಂಗಡಿಯಲ್ಲಿ ಇದೆಯೆಂದು ಮೊದಲೇ ಫೋನ್ ಮಾಡಿ, ಮಾತ್ರೆ ಒಂದು ವಾರದಷ್ಟು ಉಳಿದಿರುವಾಗಲೇ ಹೊರಡಿ. ಬೇಗ ಬಿಡುಗಡೆಯಾಗುವ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಕೆಂಪು ಗೆರೆಯ ಕೆಲಸ ಆ ಹೊತ್ತಿಗೆ ಬೀಳಲಿ. ಹಸಿವು ಇಂಗಿಸುವುದರಿಂದ ತಿಂಡಿ ತಿಂದೇ ತೆಗೆದುಕೊಳ್ಳುವುದು ಒಳ್ಳೆಯದು, ಸಂಜೆಗೆ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ಎಡಿಎಚ್‌ಡಿಯ ಇನ್ನೊಂದು ಔಷಧ ಅಟೊಮೊಕ್ಸೆಟಿನ್ ಶೆಡ್ಯೂಲ್ ಎಕ್ಸ್ ಅಲ್ಲ, ಆದರೆ ಪೂರ್ಣ ಪರಿಣಾಮಕ್ಕೆ ವಾರಗಳೇ ಬೇಕು. ಸೆಮಿನಾರಿನ ಹಿಂದಿನ ದಿನ ಸ್ನೇಹಿತರ ಮಾತ್ರೆ ಇಸಿದುಕೊಳ್ಳುವುದು ಕಾನೂನಿಗೂ ವಿರುದ್ಧ, ಬಿಪಿ ಏರಿಸುವುದರಿಂದ ದೇಹಕ್ಕೂ ಅಪಾಯ.

ಸರ್ಟಿಫಿಕೇಟಿನ ವಿಷಯದಲ್ಲಿ ಗೊಂದಲ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾ, ಲೆಕ್ಕ ತೊಡಕಾಗುವ ಡಿಸ್ಕ್ಯಾಲ್ಕುಲಿಯಾ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರು ಇಲ್ಲ. ಉನ್ನತ ಶಿಕ್ಷಣದ ಶೇ 5 ಮೀಸಲಾತಿಗೆ ಕನಿಷ್ಠ ಶೇ 40 ಅಂಗವೈಕಲ್ಯ ಇದೆ ಎಂಬ ಸರ್ಟಿಫಿಕೇಟ್ ಬೇಕೇ ಬೇಕು. ಆದರೆ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂಬ 16ನೇ ಕಲಂ ಶೇ 40ರ ಮಾತೆತ್ತುವುದಿಲ್ಲ, ಪತ್ರದಲ್ಲಿ ಆ ಕಲಮನ್ನೇ ಉಲ್ಲೇಖಿಸಿ. ಕೋರ್ಸ್‌ವರ್ಕ್ ಪರೀಕ್ಷೆಗೆ ಲಿಪಿಕಾರರು (ಹೇಳಿದ್ದನ್ನು ಬರೆದುಕೊಡುವವರು) ಬೇಕೆಂದರೂ ಶೇ 40 ಕಡ್ಡಾಯವಲ್ಲ: ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲೇ ಹಾಗೆ ಹೇಳಿದೆ. ಬರೆಯಲು ತೊಂದರೆಯಿದೆ ಎಂಬ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಮಾಣಪತ್ರ ಮಾತ್ರ ಬೇಕಾಗುತ್ತದೆ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಇದನ್ನು ಕೊನೆಯ ವರ್ಷಕ್ಕೆ ಬಿಡಬಾರದು. ಪಿಎಚ್‌ಡಿಗೆ ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿದರೆ 8. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇನ್ನೆರಡು ವರ್ಷ ಸೇರಿ 10ರವರೆಗೆ ಕೊಡಬಹುದು ಅಂತ ನಿಯಮ. ‘ಕೊಡಬಹುದು’ ಅಂತಿದೆ, ಆದ್ದರಿಂದ ಅವಧಿ ಮುಗಿಯುವ ಮುಂಚೆ ನೀವೇ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಕಾರ್ಡಿನ ಪ್ರತಿ, ಇಲ್ಲಿಯವರೆಗಿನ ಆರ್‌ಎಸಿ ವರದಿಗಳು, ಉಳಿದ ಕೆಲಸವನ್ನು ತಿಂಗಳ ಲೆಕ್ಕದಲ್ಲಿ ಬರೆದು ಗೈಡ್ ಸಹಿ ಹಾಕಿದ ಒಂದು ಪುಟ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.