ಲೆ ಬೋ ಬೆಟ್ಟದ ಮಾದರಿ: ನಾಲ್ಕನೆಯ ವಾರ

ಬಂಡೆಯ ಕೆಲಸ ಅಂತೂ ಮುಗಿಯಿತು. ದಕ್ಷಿಣ ಫ್ರಾನ್ಸಿನ ಆಲ್ಪಿಯ್ ಬೆಟ್ಟಸಾಲಿನಲ್ಲಿರುವ ಲೆ ಬೋ ದ ಪ್ರೊವಾನ್ಸ್ ಎಂಬ ಪುಟ್ಟ ಊರನ್ನು ರಟ್ಟಿನಲ್ಲಿ ಕಟ್ಟುತ್ತಿದ್ದೇನೆ. ಊರು ಕುಳಿತಿರುವ ಬಂಡೆ ಸುಮಾರು 900 ಮೀಟರ್ ಉದ್ದ, 200 ಮೀಟರ್ ಅಗಲ. ಮೀಟರಿಗೊಂದು ಮಿಲಿಮೀಟರ್ ಲೆಕ್ಕ ಹಿಡಿದದ್ದರಿಂದ ನನ್ನ ಮೇಜಿನ ಮೇಲೆ ಅದು 90 ಸೆಂಟಿಮೀಟರ್ ಚಾಚಿಕೊಂಡಿದೆ.

ಐದು ಮೀಟರ್ ಎತ್ತರಕ್ಕೊಂದು ರಟ್ಟಿನ ಪದರ. ಮೊದಲು ಪ್ರತಿ ಪದರವನ್ನೂ ಸ್ವಲ್ಪ ಒಳಸರಿಸಿ ಅಂಟಿಸಿದ್ದೆ. ಬೆಟ್ಟ ಹೋಗಿ ಕಲ್ಯಾಣಿಯ ಮೆಟ್ಟಿಲಾಗಿತ್ತು. ಅಲ್ಲಿನ ಸುಣ್ಣಕಲ್ಲು ಗೋಡೆಯಂತೆ ನೇರವಾಗಿ ಕಡಿದು ನಿಂತಿದೆ. ಊರಿನ ಹೆಸರೇ ಅದನ್ನು ಹೇಳುತ್ತದೆ: ಪ್ರೊವಾನ್ಸಿನ ನುಡಿಯಲ್ಲಿ ‘ಬೌ’ ಎಂದರೆ ಕಡಿದಾದ ಕೋಡುಗಲ್ಲು. ಏಳು ಪದರ ಕಿತ್ತು, ಅಂಚುಗಳನ್ನು ಒಂದೇ ಗೆರೆಗೆ ಕೂರಿಸಿದ ಮೇಲೆ ಬಂಡೆಗೆ ಅದರ ಗತ್ತು ಬಂತು.

ಈ ವಾರವೆಲ್ಲ ಕೋಟೆಯದೇ ಯೋಚನೆ. ಇಡಿಯಾಗಿ ನಿಲ್ಲಿಸಲೇ, ಹಾಳಾಗಿಯೇ ತೋರಿಸಲೇ? ದೊರೆ ಹದಿಮೂರನೆಯ ಲೂಯಿಯ ವಿರುದ್ಧ ಊರು ದಂಗೆಯೆದ್ದಿತ್ತು. ಮಂತ್ರಿ ರಿಶಲ್ಯೂ 1632ರಲ್ಲಿ ಕೋಟೆಯನ್ನು ಕೆಡವಿಸಲು ಹೊರಟ. ಕೆಡವುವ ಖರ್ಚನ್ನೂ ಊರಿನವರೇ ತೆರಬೇಕಾಯಿತು. ಇದನ್ನು ಓದಿದಾಗ ಹೊಟ್ಟೆ ಉರಿಯಿತು. ಹತ್ತು ವರ್ಷದೊಳಗೆ, 1642ರಲ್ಲಿ, ಊರು ಮೊನಾಕೊದ ಗ್ರಿಮಾಲ್ಡಿ ಮನೆತನದ ಪಾಲಾಯಿತು. ಆದರೆ ಕಟ್ಟಿದ ಗೋಡೆ ಬಿದ್ದರೂ ಬಂಡೆಯಲ್ಲೇ ಕೊರೆದ ಕೋಣೆಗಳನ್ನು ಕೆಡವುವುದು ಹೇಗೆ? ಅವು ಇಂದಿಗೂ ಬಯಲಿಗೆ ಬಾಯ್ದೆರೆದು ನಿಂತಿವೆ, ತೊಲೆ ಕೂರಿಸಿದ ಗುಳಿಗಳ ಸಮೇತ. ನನಗೆ ಬೇಕಾದದ್ದು ಅವೇ. ಹಾಳುಕೋಟೆಯನ್ನೇ ಮಾಡುತ್ತೇನೆ. ಗುಳಿಗಳನ್ನು ದಬ್ಬಳದಿಂದ ಚುಚ್ಚಿ ನೋಡಿದೆ, ಚೆನ್ನಾಗಿ ಮೂಡುತ್ತಿವೆ.

ಬಣ್ಣ ಎರಡೇ. ಬಂಡೆಗೆ ಬೂದುಬಿಳಿ, ಬುಡದಲ್ಲಿ ಒಂದು ಕಡೆ ಕಾವಿಗೆಂಪು. ಆ ಕೆಂಪಿಗಾಗಿಯೇ ನಾನು ಈ ಕೆಲಸಕ್ಕೆ ಇಳಿದದ್ದು. 1821ರಲ್ಲಿ ಭೂವಿಜ್ಞಾನಿ ಪಿಯರ್ ಬೆರ್ತಿಯೆ ಈ ಊರಿನ ಬಳಿಯ ಕೆಂಪು ಅದಿರನ್ನು ಪರೀಕ್ಷಿಸಿ, ಅದರಲ್ಲಿ ಅಲ್ಯುಮಿನಿಯಂ ಲೋಹದ ಮೂಲವಾದ ಅಲ್ಯುಮಿನಾ ಹೇರಳವಾಗಿದೆಯೆಂದು ಕಂಡುಕೊಂಡ. ಆ ಅದಿರಿಗೆ ಬಾಕ್ಸೈಟ್ ಎಂಬ ಹೆಸರು ಬಂದದ್ದು ಈ ಊರಿನಿಂದಲೇ. ಅಲ್ಯುಮಿನಾ ಕಾರ್ಖಾನೆಯಿರುವ ಬೆಳಗಾವಿಯಲ್ಲಿ ಬೆಳೆದವನು ನಾನು. ಬಾಕ್ಸೈಟ್ ಲಾರಿಗಳ ಕೆಂಪು ಧೂಳು ಚಿಕ್ಕಂದಿನಿಂದ ಗೊತ್ತು. ಆ ಹೆಸರಿನ ಹಿಂದೆ ಇಂಥದೊಂದು ಬೆಟ್ಟದೂರು ಇದೆಯೆಂದು ತಿಳಿದ ದಿನವೇ ರಟ್ಟು ಕೊಂಡು ತಂದಿದ್ದೆ.

ಇನ್ನು ಸಂತ ವಿನ್ಸೆಂಟನ ಇಗರ್ಜಿ. ಅದರ ಒಂದು ಪಕ್ಕ ಬಂಡೆಯೊಳಗೇ ಕೊರೆದದ್ದು. ಆ ಜಾಗದ ಪದರಗಳನ್ನು ನಾನು ಆಗಲೇ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದೇನೆ. ಭಾನುವಾರ ಬ್ಲೇಡು ಹಿಡಿದು ಒಳಗಿನಿಂದ ಕೆತ್ತಿ ತೆಗೆಯಬೇಕು.